ಹೊಲಿಗೆಗೂ ಹಸಿವಿದೆ

ಅಪೆಂಡಿಕ್ಸ್ ತೆಗೆಸಿಕೊಂಡು ಮನೆಗೆ ಬಂದವನನ್ನು ನಮ್ಮವರು ಉಪಚರಿಸುವ ರೀತಿ ನೋಡಿದರೆ ಆಪರೇಷನ್ ಆದದ್ದು ಹೊಟ್ಟೆಗಲ್ಲ, ನಾಲಿಗೆಗೆ ಅನ್ನಬೇಕು. ಬದನೆಕಾಯಿ ನಂಜು, ಆಲೂಗಡ್ಡೆ ವಾಯು, ಬಾಳೆಹಣ್ಣು ಶೀತ, ಮೊಸರು ತಿಂದರೆ ಕೀವು, ಬೇಳೆ ಭಾರ. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಗಂಜಿ, ಚಿಟಿಕೆ ಉಪ್ಪು ಮತ್ತು ನೋಡಲು ಬಂದವರು ತಂದ ಬ್ರೆಡ್ಡು. ನಾನು ಹೇಳುವುದು ಇದಕ್ಕೆ ಪೂರಾ ಉಲ್ಟಾ: ಹೊಟ್ಟೆ ಕೊಯ್ಯಿಸಿಕೊಂಡವನು ಮೊದಲಿಗಿಂತ ಚೆನ್ನಾಗಿ ಉಣ್ಣಬೇಕು. ಗಾಯ ಕೂಡುವುದು ಕೊಲಾಜೆನ್ ಎಂಬ ಪ್ರೋಟೀನಿನಿಂದ. ಅದನ್ನು ಕಟ್ಟಲು ದೇಹಕ್ಕೆ ಬೇಳೆ, ಮೊಸರು, ಮೊಟ್ಟೆ ಬೇಕು. ಜೊತೆಗೆ ಸೀಬೆ, ನೆಲ್ಲಿ, ನಿಂಬೆಯ ವಿಟಮಿನ್ ಸಿ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ತಿಳಿಗಂಜಿಯ ಲೋಟದಲ್ಲಿರುವುದು ಬಹುಪಾಲು ನೀರು ಮತ್ತು ಮನೆಯವರ ಅಕ್ಕರೆ. ಅಕ್ಕರೆಯಿಂದ ಮನಸ್ಸು ತುಂಬೀತು, ಗಾಯ ತುಂಬುವುದಿಲ್ಲ.

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ಸುಳ್ಳೇ ಎಂದು ಯಾರಾದರೂ ಮೂಗು ಮುರಿಯಬಹುದು. ಸುಳ್ಳಲ್ಲ, ಅವಧಿ ಮುಗಿದ ಸತ್ಯ. ಹೊಟ್ಟೆಯೊಳಗೆ ಕೈಯಿಟ್ಟರೆ ಕರುಳು ಮುನಿಸಿಕೊಂಡು ಕೆಲಸ ನಿಲ್ಲಿಸುವುದು ನಿಜ. ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ರಾಜಿಯಾಗುತ್ತದೆ, ಜಠರ ಒಂದೆರಡು ದಿನ ಕಾಯಿಸುತ್ತದೆ, ದೊಡ್ಡ ಕರುಳಿಗೆ ಇನ್ನೂ ಒಂದು ದಿನ ಬೇಕು. ಅದಕ್ಕೇ ಹಿಂದೆಲ್ಲ ಸರ್ಜನ್ನರೂ ಉಪವಾಸ ಕೆಡವುತ್ತಿದ್ದರು. ಬೆಳಗಿನ ರೌಂಡ್ಸಿನಲ್ಲಿ "ಗ್ಯಾಸ್ ಹೋಯ್ತಾ?" ಎಂದು ಗಂಭೀರವಾಗಿ ಕೇಳಿ, ಹೌದೆಂದರೆ ಹಿಗ್ಗಿ, ಆಮೇಲೆ ಊಟದ ಅಪ್ಪಣೆ ಕೊಡುತ್ತಿದ್ದರು. (ಸಭ್ಯರು ಈ ಸುದ್ದಿಗೆ ಸಂತೋಷಪಡುವ ಜಾಗ ಲೋಕದಲ್ಲಿ ಇದೊಂದೇ.) 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಈ ಪದ್ಧತಿಯನ್ನೇ ತಿರುವಿಹಾಕಿ, ರೋಗಿಯನ್ನು ಬೇಗ ಎಬ್ಬಿಸಿ ನಡೆಸಿ, ಬೇಗ ಉಣಿಸಿದರೆ ಬೇಗ ಚೇತರಿಸಿಕೊಳ್ಳುತ್ತಾನೆಂದು ತೋರಿಸಿಕೊಟ್ಟರು. ಆ ಸುದ್ದಿ ಆಸ್ಪತ್ರೆಗಳಿಗೆ ತಲುಪಿದೆ. ಅಡುಗೆಮನೆಗೆ ಇನ್ನೂ ದಾರಿಯಲ್ಲಿದೆ.

ವಾಯುವಿನ ಮಾತಿನಲ್ಲಿ ಮಾತ್ರ ಅತ್ತೆಯಂದಿರು ಅರ್ಧ ಗೆದ್ದಿದ್ದಾರೆ. ಲ್ಯಾಪ್ರೋಸ್ಕೋಪಿ ಮಾಡುವಾಗ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಅದರಿಂದ ವಪೆ ಕೆರಳಿ, ಕೊಯ್ದದ್ದು ಹೊಟ್ಟೆಯನ್ನಾದರೂ ಭುಜ ನೋಯುತ್ತದೆ. ವಾಯು ಇರುವುದು ದಿಟ, ಆಲೂಗಡ್ಡೆ ಮಾತ್ರ ನಿರಪರಾಧಿ. ಅದಕ್ಕಿಂತ ದೊಡ್ಡ ಪೇಚು ಮಲಬದ್ಧತೆ. ಕೆಲವು ನೋವಿನ ಮಾತ್ರೆಗಳು ಕರುಳನ್ನು ತೂಕಡಿಸುವಂತೆ ಮಾಡುತ್ತವೆ. ಮೇಲೆ ನಾರಿಲ್ಲದ ಬ್ರೆಡ್ಡು, ಗಂಜಿ. ಆಮೇಲೆ ಮುಕ್ಕಿರಿದರೆ ಹೊಲಿಗೆ ಜಗ್ಗುತ್ತದೆ. ಹೀರೆಕಾಯಿ ಪಲ್ಯ, ಸೊಪ್ಪಿನ ತೊವ್ವೆ, ಪರಂಗಿಹಣ್ಣು, ಹೇರಳ ನೀರು ಬೇಕಾಗುವುದು ಇಲ್ಲೇ. ಹಾಗೆಂದು ನಾಲ್ಕನೇ ದಿನವೇ ಬೋಂಡದ ಬಾಣಲೆಯ ಮುಂದೆ ಕೂರುವಂತಿಲ್ಲ. ಪಿತ್ತಕೋಶ ತೆಗೆಸಿಕೊಂಡವರಂತೂ ಕೆಲವು ವಾರ ಎಣ್ಣೆ ಜಿಡ್ಡಿಗೆ ದೂರದಿಂದಲೇ ಕೈಮುಗಿಯಬೇಕು. ಕರುಳನ್ನೇ ಕತ್ತರಿಸಿ ಜೋಡಿಸಿದ್ದರೆ ಡಾಕ್ಟರ ಮಾತೇ ಕೊನೆ, ಪ್ರಬಂಧಕಾರರದಲ್ಲ. ಇನ್ನು ಕೆಮ್ಮು, ನಗು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ ಎಂದು ನರ್ಸುಗಳು ಹೇಳಿಕೊಡುತ್ತಾರೆ. ಆದ್ದರಿಂದ ಒಳ್ಳೆಯ ಜೋಕು ಹೇಳುವ ನೆಂಟರನ್ನು ಎರಡು ವಾರ ಬಿಟ್ಟು ಬರಹೇಳುವುದು ಮೇಲು. ಬರುವಾಗ ಬ್ರೆಡ್ಡಿನ ಬದಲು ಮೊಟ್ಟೆ ತರಲಿ.