ಬಟ್ಟೆ ಪುಕ್ಕಟೆ, ದಾರಕ್ಕೆ ದುಡ್ಡು

ನಮ್ಮ ಯಜಮಾನರ ರಿಸೆಪ್ಷನ್ ಪ್ಯಾಂಟಿನಲ್ಲಿ ನಾನೀಗ ಬದನೆಕಾಯಿ ತರುತ್ತೇನೆ.

ಕಂದು ಬಣ್ಣದ ಆ ಪ್ಯಾಂಟು ‘ಇನ್ನೊಂದು ಮೂರು ಕೆ.ಜಿ. ಇಳಿದರೆ ಆಗುತ್ತೆ’ ಎಂಬ ಭರವಸೆಯ ಮೇಲೆ 19 ವರ್ಷ ಬೀರುವಿನಲ್ಲಿ ನೇತಾಡಿತು. ಇಳಿಯಬೇಕಾದ ಮೂರು ಇಳಿಯಲಿಲ್ಲ, ಮೇಲೆ ಇನ್ನೊಂದು ಎಂಟು ಬಂದು ಸೇರಿಕೊಂಡವು. ಒಂದು ಭಾನುವಾರ ಅವರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ನಾನು ಎರಡೂ ಕಾಲು ಕತ್ತರಿಸಿಬಿಟ್ಟೆ. ಪ್ಯಾಂಟಿನದು. ಸೊಂಟದ ಭಾಗ ಚೀಲವಾಯಿತು, ಒಂದು ಕಾಲು ಅದರ ತಳ, ಇನ್ನೊಂದು ಕಾಲು ಹಿಡಿಕೆ. ಚಿಲ್ಲರೆ ಹಾಕಿಕೊಳ್ಳಲಿ ಎಂದು ಜೇಬುಗಳನ್ನು ಹಾಗೇ ಬಿಟ್ಟೆ. ಮುಂದಿನ ಜಿಪ್ಪನ್ನೂ ಬಿಟ್ಟೆ. ಅದು ಅಲಂಕಾರಕ್ಕಲ್ಲ, ಬಿಚ್ಚಲು ಸೋಮಾರಿತನ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಚೀಲದ ಪ್ರಥಮ ಪ್ರವೇಶ. ಯಜಮಾನರು ಹಿಂದೆ ನಿಂತಿದ್ದರು. ಬಾಯಿಯವರೆಗೆ ತರಕಾರಿ ತುಂಬಿ, ಕೊತ್ತಂಬರಿ ಕಟ್ಟಿಗೆ ಜಾಗವಿರಲಿಲ್ಲ. ಸೊಪ್ಪಿನವನು ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಕ್ಕಾ, ಈ ಜಿಪ್ ಎಳೆದ್ರೆ ಸಲೀಸಾಗಿ ಇಳಿಯುತ್ತಲ್ವಾ” ಎಂದವನೇ ಸರ್ರೆಂದು ಎಳೆದು ಕೊತ್ತಂಬರಿಯನ್ನು ಒಳಗಿಟ್ಟ. ನಮ್ಮವರ ಕೈ ತಾನಾಗಿಯೇ ತಮ್ಮ ಸೊಂಟದ ಕಡೆ ಹೋದದ್ದನ್ನು ನಾನು ನೋಡಿದೆ. ಆವತ್ತಿನಿಂದ ಅವರು ತರಕಾರಿಗೆ ಬರುವುದಿಲ್ಲ. ಇದನ್ನು ನಾನು ಹೊಲಿಗೆಯ ಮೊದಲ ಲಾಭವೆಂದು ಬರೆದುಕೊಂಡಿದ್ದೇನೆ, ಏಕೆಂದರೆ ಅವರು ಬಂದರೆ ಬಲಿತ ಬೆಂಡೆಕಾಯಿಯನ್ನೇ ಆರಿಸುತ್ತಾರೆ.

ಲಾಭದ ಪಟ್ಟಿಯಲ್ಲಿ ಎರಡನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.

ಹೊಲಿಗೆ ಮಿಷನ್ನು ಅತ್ತೆಯವರದು, ಕಾಲಿನಲ್ಲಿ ತುಳಿಯುವಂಥದ್ದು. ನಾನು ಸೊಸೆಯಾಗಿ ಬಂದಾಗ ಅದು ಮರದ ಮುಚ್ಚಳ ಹಾಕಿಕೊಂಡು ಟಿ.ವಿ. ಹೊತ್ತು ನಿಂತಿತ್ತು. ಟಿ.ವಿ. ಗೋಡೆಗೆ ಹತ್ತಿದ ಮೇಲೆ ಅದರ ಮೇಲೆ ಮನಿಪ್ಲಾಂಟ್ ಕುಳಿತಿತು. ಒಂದು ದಿನ ದಿಂಬಿನ ಕವರ್ ಹೊಲಿಸಲು ಹೋಗಿ, ಟೈಲರು ಹೇಳಿದ ಕೂಲಿ ಅಂಗಡಿಯ ಹೊಸ ಕವರಿಗಿಂತ ಹೆಚ್ಚಾದಾಗ ನನಗೆ ರೋಷ ಬಂತು. ಮನಿಪ್ಲಾಂಟನ್ನು ಕಿಟಕಿಗೆ ವರ್ಗ ಮಾಡಿ, ಮಿಷನ್ನಿಗೆ ಎಣ್ಣೆ ಬಿಟ್ಟು ತುಳಿದೆ. ಅದು ಹಿಂದಕ್ಕೆ ಹೋಯಿತು. ಎತ್ತಿನ ಹಾಗೆ ಅದಕ್ಕೂ ಗುರುತಿನವರ ಕಾಲೇ ಬೇಕೋ ಏನೋ, ಒಂದು ವಾರ ನಾನು ಮುಂದಕ್ಕೆ ತುಳಿಯುವುದು, ಅದು ಹಿಂದಕ್ಕೆ ತಿರುಗಿ ದಾರ ನುಂಗುವುದು. ಅತ್ತೆ ಬಂದು ಮೇಲಿನ ಚಕ್ರವನ್ನು ಬಲಗೈಯಿಂದ ಒಮ್ಮೆ ತಮ್ಮ ಕಡೆ ಎಳೆದುಬಿಟ್ಟು, “ಮೊದಲು ಕೈ ತೋರಿಸಬೇಕು ಕಣೆ, ಆಮೇಲೆ ಕಾಲು” ಎಂದರು. ಸಾಧುವಾಗಿ ಓಡಿತು.

ಯಂತ್ರಗಳ ಹುಚ್ಚು ಕಂಡರಾಗದ ಗಾಂಧೀಜಿ ಈ ಒಂದು ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಾ, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಸಿಂಗರನ ಹೊಲಿಗೆ ಯಂತ್ರವೂ ಒಂದು, ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸೋಲುವುದನ್ನು ನೋಡಲಾರದೆ ಪ್ರೀತಿಯಿಂದ ಅವನು ಅದನ್ನು ಮಾಡಿದ ಎಂಬ ಅರ್ಥದ ಮಾತು ಹೇಳಿದರು. ಮಹಾತ್ಮರಿಗೆ ಸಿಂಗರನ ಸಂಸಾರದ ವಿವರ ಯಾರೂ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. 1851ರಲ್ಲಿ ಪೇಟೆಂಟ್ ಪಡೆದ ಆ ಐಸಾಕ್ ಸಿಂಗರನಿಗೆ ಐವರು ಹೆಂಗಸರಿಂದ 24 ಮಕ್ಕಳು. ಯಾವ ಹೆಂಡತಿಯ ಮೇಲಿನ ಪ್ರೀತಿಯಿಂದ ಎಂದು ಕೇಳಿದ್ದರೆ ಪಾಪ ಅವನೂ ತಡವರಿಸುತ್ತಿದ್ದ. ಇಷ್ಟು ಮಕ್ಕಳ ಚಡ್ಡಿಗೆ ಟೈಲರಿಗೆ ಕೊಟ್ಟು ಪೂರೈಸುವುದಿಲ್ಲ ಎಂಬ ಮಿತವ್ಯಯದ ಯೋಚನೆಯಿಂದಲೇ ಮಾಡಿರಬೇಕೆಂದು ನನ್ನ ಅನುಮಾನ.

ಮಿತವ್ಯಯದ ವಿಷಯಕ್ಕೆ ಬರೋಣ. ಬಟ್ಟೆ ಪುಕ್ಕಟೆ. ನನ್ನ ಹಳೆ ಸೀರೆ, ಅವರ ಹಳೆ ಶರಟು, ಮಾವನವರ ಪಂಚೆ, ನಾದಿನಿ ‘ಯಾರಿಗಾದರೂ ಕೊಡಿ’ ಎಂದು ಬಿಟ್ಟುಹೋದ ಚೂಡಿದಾರ. ಆದರೆ ಬಟ್ಟೆ ತನ್ನಷ್ಟಕ್ಕೆ ತಾನು ಹೊಲಿದುಕೊಳ್ಳುವುದಿಲ್ಲ. ಪ್ಯಾಂಟಿನ ಬಟ್ಟೆಗೆ ಮಾಮೂಲಿ ಸೂಜಿ ಸಾಲದು, 16ನೇ ನಂಬರಿನದು ಬೇಕು, ಮಡಿಕೆಯ ಮೇಲೆ ಮಡಿಕೆ ಬಂದಲ್ಲಿ 18. ಕಂದಿಗೆ ಹೊಂದುವ ದಾರ ಮನೆಯಲ್ಲಿಲ್ಲ. ತಂದದ್ದು ಅಂಗಡಿಯ ದೀಪದಲ್ಲಿ ಕಂದು, ಮನೆಯ ಬಿಸಿಲಿನಲ್ಲಿ ಕೆಂಪು. ಕತ್ತರಿಯಿಂದ ಯಾರೋ ಹಾಲಿನ ಪ್ಯಾಕೆಟ್ ಕತ್ತರಿಸಿ ಮೊಂಡು ಮಾಡಿದ್ದಾರೆ (ನಾನೇ). ಚೀಲದ ಒಟ್ಟು ಖರ್ಚು ಲೆಕ್ಕ ಹಾಕಿದರೆ ಬದನೆಕಾಯಿಗೆ ಆಟೋ ಮಾಡಿ ಕಳಿಸಬಹುದಿತ್ತು. ಫೋನಿನಲ್ಲಿ ಇದನ್ನು ಧಾರವಾಡದ ನಮ್ಮವ್ವನಿಗೆ ಹೇಳಿದಾಗ ಆಕೆ ನಕ್ಕು, “ಅರಿವಿ ಪುಕ್ಕಟ ಬರತದವಾ, ದಾರ ಬರೂದಿಲ್ಲ. ಅದಕ್ಕ ನಾವು ಹಳೇ ಸೀರಿ ಅಂಚಿನ ಎಳೀ ಬಿಚ್ಚಿ ಅದರಾಗ ಹೊಲೀತಿದ್ವಿ” ಎಂದಳು.

ಬಿಚ್ಚುವುದು! ಹಳೆ ಬಟ್ಟೆಯಲ್ಲಿ ಹೊಲಿಯುವವಳ ಮುಕ್ಕಾಲು ಆಯುಷ್ಯ ಬಿಚ್ಚುವುದರಲ್ಲೇ ಕಳೆಯುತ್ತದೆ. ಅರ್ಧ ಬ್ಲೇಡು ಹಿಡಿದು, ಮೂರು ಹೊಲಿಗೆಗೊಂದನ್ನು ಕೊಯ್ದು, ಹಿಂಬದಿಯ ದಾರವನ್ನು ಎಳೆದರೆ ಸೊರ್ರೆಂದು ಬರಬೇಕು. ಒಮ್ಮೊಮ್ಮೆ ಬಟ್ಟೆಯೇ ಬರುತ್ತದೆ. ಒಂದು ಶರಟನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿದರೆ ಆ ಟೈಲರನ ಜಾತಕ ಗೊತ್ತಾಗುತ್ತದೆ. ಎಲ್ಲಿ ಪನ್ನ ಸಾಲದೆ ತುಂಡು ಸೇರಿಸಿದ್ದಾನೆ, ಎಲ್ಲಿ ಕಂಕುಳಲ್ಲಿ ಅವಸರ ಮಾಡಿದ್ದಾನೆ, ‘ಬಟ್ಟೆ ಏನೂ ಉಳೀಲಿಲ್ಲ ಮೇಡಂ’ ಎಂದು ಎಷ್ಟು ಉಳಿಸಿಕೊಂಡಿದ್ದಾನೆ, ಎಲ್ಲಾ.

ಹಳೆ ಬಟ್ಟೆಯನ್ನು ಆರಿಸುವುದಕ್ಕೂ ಒಂದು ಶಾಸ್ತ್ರವಿದೆ. ಬೆಳಕಿಗೆ ಹಿಡಿಯಬೇಕು. ಸೀರೆಯಾದರೆ ನೆರಿಗೆಯ ಕೆಳಗೆ, ಕಾಲಿಗೆ ತಾಗುವ ಅಂಚಿನ ಬಳಿ ಮೊದಲು ಸವೆದಿರುತ್ತದೆ, ಸೆರಗು ಗಟ್ಟಿ. ಶರಟಿನಲ್ಲಿ ಕಾಲರು ಮೊದಲು ಸಾಯುತ್ತದೆ, ಬೆನ್ನು ಚಿರಂಜೀವಿ. ಹಳೆಯದರ ದೊಡ್ಡ ಗುಣವೆಂದರೆ ಅದು ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು, ಈಗ ನೆಮ್ಮದಿಯಾಗಿರುತ್ತದೆ. ಹೊಸ ಕಾಟನ್ನಿನ ಹಾಗೆ ಮೊದಲ ಒಗೆತದಲ್ಲಿ ಎರಡು ಇಂಚು ಮೋಸ ಮಾಡುವುದಿಲ್ಲ. ನೂಲೋ ನೈಲಾನೋ ಎಂಬ ಅನುಮಾನ ಬಂದರೆ ಒಂದು ಎಳೆ ಸುಡಬೇಕು. ನೂಲಾದರೆ ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ನೈಲಾನ್, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆಯನ್ನು ನಾನು ಅಡುಗೆಮನೆಯಲ್ಲಿ ಮಾವನವರ ಪಂಚೆಯ ಮೇಲೆ ಮಾಡುತ್ತಿದ್ದಾಗ ಅವರು ಕಾಫಿಗೆಂದು ಒಳಬಂದರು. ಶುದ್ಧ ಹತ್ತಿ. ಅವರು ಉಡುತ್ತಿದ್ದ ಪಂಚೆಗಳಲ್ಲಿ ಅದೂ ಒಂದು ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು.

ಅತ್ತೆಯವರದು ಬೇರೆಯೇ ಪಂಥ. ನಾನು ಹಳೆಯದರಿಂದ ಹೊಸದು ಮಾಡಲು ಹೊರಟರೆ, ಅವರು ಹಳೆಯದನ್ನು ಹಂತಹಂತವಾಗಿ ಇಳಿಸುತ್ತಾ ಹೋಗುತ್ತಾರೆ. ಪಂಚೆ, ಆಮೇಲೆ ಮೈ ಒರೆಸುವ ಬಟ್ಟೆ, ಆಮೇಲೆ ಕೈ ಒರೆಸುವುದು, ಒಲೆ ಒರೆಸುವುದು, ನೆಲ ಒರೆಸುವುದು. ಯಾವುದಕ್ಕೂ ಒಮ್ಮೆಗೇ ಎರಡು ಮೆಟ್ಟಿಲು ಇಳಿಯುವ ಅನುಮತಿಯಿಲ್ಲ. ವಿನಯಪಿಟಕದಲ್ಲಿ ಇಂಥದೇ ಕಥೆಯಿದೆ. ಬುದ್ಧನ ಶಿಷ್ಯ ಆನಂದನಿಗೆ 500 ಚೀವರಗಳು (ಭಿಕ್ಷುಗಳ ಬಟ್ಟೆ) ದಾನ ಬಂದಾಗ ಉದಯನ ರಾಜ, ಇಷ್ಟೆಲ್ಲ ಏನು ಮಾಡುತ್ತೀಯೆಂದು ವಿಚಾರಣೆಗೆ ನಿಲ್ಲುತ್ತಾನೆ. ಚೀವರ ಹರಿದವರಿಗೆ ಇವನ್ನು ಕೊಡುತ್ತೇವೆ, ಅವರ ಹಳೆಯವು ಹೊದಿಕೆ, ಹಳೆ ಹೊದಿಕೆ ಹಾಸಿಗೆಗೆ, ಅದು ನೆಲದ ಹಾಸಿಗೆ, ಅದು ಕಾಲೊರೆಸಲು, ಅದು ಧೂಳು ಒರೆಸಲು, ಕೊನೆಗೆ ಚಿಂದಿಯನ್ನು ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎನ್ನುತ್ತಾನೆ ಆನಂದ. ರಾಜ ಸಂತೋಷಪಟ್ಟು ಇನ್ನೂ 500 ಕೊಟ್ಟ. ಈ ಕಥೆಯನ್ನು ಅತ್ತೆಗೆ ಹೇಳಿದೆ. ಅವರು ಮೆಚ್ಚಲಿಲ್ಲ. “ಇನ್ನೂ 500 ಯಾಕೆ ತಗೊಂಡ? ಇಡೋಕೆ ಜಾಗ ಎಲ್ಲಿ?” ಎಂದರು.

ನಮ್ಮವ್ವನ ಕಾಲದ ಜಾಣತನ ನನಗೆ ಬಂದಿಲ್ಲ. ನನಗೆ ಲಂಗ ಹೊಲಿಸುವಾಗ ಅವಳು ಕೆಳಗೆ ನಾಲ್ಕು ಬೆರಳಗಲ ಮೂರು ಟಕ್ ಹಿಡಿಸುತ್ತಿದ್ದಳು. ನಾನು ಬೆಳೆದ ಹಾಗೆ ವರ್ಷಕ್ಕೊಂದು ಟಕ್ ಬಿಚ್ಚುವುದು. ಬಿಚ್ಚಿದಲ್ಲಿ ಬಿಸಿಲು ಕಾಣದ ಬಟ್ಟೆ ಗಾಢವಾಗಿ, ಉಳಿದದ್ದು ಮಾಸಿ, ಲಂಗದ ಸುತ್ತ ಪಟ್ಟೆ. ಮರ ಕಡಿದರೆ ವಯಸ್ಸು ಹೇಳುವ ಉಂಗುರಗಳಿರುತ್ತವಲ್ಲ, ಹಾಗೆ. ಮೂರು ಪಟ್ಟೆಯ ಲಂಗದಲ್ಲಿ ಶಾಲೆಗೆ ಹೋಗಿ ನಾನು ಅತ್ತಿದ್ದೇನೆ. ಈಗ ಅಂಗಡಿಯಲ್ಲಿ ಅಂಥದೇ ಪಟ್ಟೆಯ ಬಟ್ಟೆಗೆ ಶೇಡೆಡ್ ಎಂದು ಹೆಸರಿಟ್ಟು ಹೆಚ್ಚು ದುಡ್ಡು ಕೇಳುತ್ತಾರೆ.

ಅವ್ವನ ಕೌದಿಯೂ ಅಷ್ಟೇ. ಮೆತ್ತಗಾದ ಇಳಕಲ್ ಸೀರೆ, ಅಪ್ಪನ ಧೋತರ ಪದರ ಪದರ ಹಾಸಿ, ನಾಲ್ಕು ಮಂದಿ ಸುತ್ತ ಕೂತು ಸಾಲುಹೊಲಿಗೆ ಹಾಕುತ್ತಾ ಊರವರ ಸುದ್ದಿಯನ್ನೂ ಅದರೊಳಗೇ ಹೊಲಿದುಬಿಡುತ್ತಿದ್ದರು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನು ಒಮ್ಮೆ ನೋಡಿದ್ದೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯ ತುಂಡನ್ನು ಮುಕ್ಕೋನವಾಗಿ ಮಡಿಸಿದ ಹೂ. ಹೂ ಇಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಮನೆಗೆ ಬಂದು ನಾನೂ ಮಡಿಸಿದೆ. ಮಗ ನೋಡಿ, “ಚಟ್ನಿ ಎಲ್ಲಮ್ಮಾ?” ಎಂದ.

ಆದರೂ ಕೌದಿಯ ಹುಚ್ಚು ಬಿಡಲಿಲ್ಲ. ಹಳೆ ಸೀರೆಗಳೆಲ್ಲ ಪರದೆ, ದಿಂಬು, ಏಪ್ರನ್ ಆಗಿ ಮುಗಿದಿದ್ದವು. ಆಗ ಕಣ್ಣಿಗೆ ಬಿದ್ದದ್ದು ಕಬ್ಬಿಣದ ಟ್ರಂಕಿನ ತುಂಬ ಇದ್ದ ಕಣಗಳು.

ನಮ್ಮ ಧಾರವಾಡದ ಕಡೆ ಅದು ಖಣ. ಗುಳೇದಗುಡ್ಡದಲ್ಲಿ ನೇಯ್ದದ್ದು, ಕುಬಸ ಹೊಲಿಸಿದರೆ ವರ್ಷಗಟ್ಟಲೆ ಬಾಳುವಂಥದ್ದು. ದಕ್ಷಿಣಕ್ಕೆ ಇಳಿಯುವಾಗ ದಾರಿಯಲ್ಲಿ ಮಹಾಪ್ರಾಣ ಹೋಗಿ ಕಣವಾಗಿದೆ. ಅಕ್ಷರದ್ದಷ್ಟೇ ಅಲ್ಲ, ಬಟ್ಟೆಯದೂ ಅಲ್ಪಪ್ರಾಣವೇ. ಅರಿಶಿನ ಕುಂಕುಮದ ಜೊತೆ ಕೊಡುವ 80 ಸೆಂಟಿಮೀಟರಿನ ಈ ತುಂಡನ್ನು ಯಾರೂ ಹೊಲಿಸುವುದಿಲ್ಲ. ಬೆಳಕಿಗೆ ಹಿಡಿದರೆ ಎದುರು ಮನೆ ಕಾಣುತ್ತದೆ. ಅದು ನೋಟಿನ ಹಾಗೆ ಚಲಾವಣೆಗೆ ಇರುವುದು. ಗೌರಿಹಬ್ಬಕ್ಕೆ ಬಂದದ್ದು ಸೀಮಂತಕ್ಕೆ ಹೋಗಬೇಕು, ಸೀಮಂತದ್ದು ಗೃಹಪ್ರವೇಶಕ್ಕೆ. ಒಂದರ ಮೂಲೆಗೆ ನಾನು ಪೆನ್ನಿನಿಂದ ಚುಕ್ಕೆಯಿಟ್ಟು ಕಳಿಸಿದ್ದೆ. ಹದಿನಾಲ್ಕು ತಿಂಗಳಿಗೆ, ಬೇರೆ ಮನೆಯ ತಟ್ಟೆಯಲ್ಲಿ, ಎಲೆ ಅಡಿಕೆ ಸಮೇತ ವಾಪಸು ಬಂತು. ಬಣ್ಣ ಮಾಸಿರಲಿಲ್ಲ, ಮಡಿಕೆ ಮಾತ್ರ ಹರಿಯುವ ಹಾಗಾಗಿತ್ತು.

ಇಂಥ ಕಣಕ್ಕೆ ಕತ್ತರಿ ಹಾಕುವುದು ಸಮಾಜದ್ರೋಹವೆಂದು ಗೊತ್ತಿದ್ದೂ ನಾನು ಹಾಕಿದೆ. ಅಡಿ ಉದ್ದ, ಅಡಿ ಅಗಲದ 42 ಚೌಕ. ಆರರ ಏಳು ಸಾಲು. ತೆಳುವೆಂದು ಅಡಿಗೆ ಹಳೆ ಪರದೆ ಕೊಟ್ಟೆ. ಎರಡು ತಿಂಗಳು, ಏಳು ರೀಲು ದಾರ, ಐದು ಸೂಜಿ. ಕೊನೆಯ ಸಾಲಿಗೆ ಒಂದು ಚೌಕ ಕಡಿಮೆ ಬಿದ್ದು, ಪೇಟೆಗೆ ಹೋಗಿ ಜರಿಯಂಚಿನ ಚಂದದ ಕಿತ್ತಳೆ ಬಣ್ಣದ್ದೊಂದನ್ನು ದುಡ್ಡು ಕೊಟ್ಟು ತಂದೆ. ಹಾಸಿಗೆಯ ಮೇಲೆ ಹಾಸಿದಾಗ ನನಗೇ ದೃಷ್ಟಿ ತೆಗೆಯಬೇಕೆನಿಸಿತು.

ಅದೇ ವಾರ ಅತ್ತೆ ಮೆಟ್ಟಿಲಿನಲ್ಲಿ ಕಾಲು ಉಳುಕಿಸಿಕೊಂಡು ಆ ಕೌದಿಯ ಮೇಲೆ ಮಲಗಿದರು. ಬೀದಿಯ ಹೆಂಗಸರು ನೋಡಲು ಬಂದರು. ಅತ್ತೆಯ ಕಾಲು ನೋಡಲು ಬಂದವರು ಅತ್ತೆಯ ಕಾಲಿನ ಕೆಳಗಿನದನ್ನು ನೋಡತೊಡಗಿದರು.

“ಅಯ್ಯೋ, ಈ ಗಿಳಿಹಸಿರು ನಾನು ಕೊಟ್ಟಿದ್ದಲ್ವಾ?” ಎಂದರು ಎದುರು ಮನೆಯವರು. ಹೌದಿರಬಹುದು ಎಂದು ನಾನು ನಕ್ಕೆ. ಅವರು ನಗಲಿಲ್ಲ. “ನಿಮಗೆ ಕೊಟ್ಟಿದ್ದಲ್ಲ. ಮೂಲೆ ಮನೆಯವರ ಮಗಳ ಸೀಮಂತಕ್ಕೆ ಕೊಟ್ಟಿದ್ದು.”

ಮೂಲೆ ಮನೆಯವರು ಅಲ್ಲೇ ಕುರ್ಚಿಯಲ್ಲಿದ್ದರು. ಒಂದು ಕ್ಷಣ ಕಾಫಿ ಲೋಟದೊಳಗೆ ನೋಡಿ, ಆಮೇಲೆ ಬಗ್ಗಿ ಅತ್ತೆಯ ಹಿಮ್ಮಡಿಯನ್ನು ಮೆಲ್ಲಗೆ ಸರಿಸಿ, “ಹಾಗಾದ್ರೆ ನಾನು ನಿಮಗೆ ಕೊಟ್ಟ ನೇರಳೆದು ಇಲ್ಲಿಗೆ ಹೇಗೆ ಬಂತು?” ಎಂದರು. ಮೇಲಿನ ಮನೆಯವರು ಕನ್ನಡಕ ಹಾಕಿಕೊಂಡರು. ಹತ್ತು ನಿಮಿಷದಲ್ಲಿ ನನ್ನ ಹೊದಿಕೆ ನಮ್ಮ ಬೀದಿಯ ಕಂದಾಯ ನಕ್ಷೆಯಾಯಿತು. ಯಾರು ಯಾರಿಗೆ ಏನು ಕೊಟ್ಟರು, ಅವರು ಅದನ್ನು ಯಾರಿಗೆ ದಾಟಿಸಿದರು, ಎಷ್ಟು ದಿನ ಇಟ್ಟುಕೊಂಡರು, ಎಲ್ಲವೂ ಎಲ್ಲೆಕಲ್ಲು ಸಮೇತ. ಕಿತ್ತಳೆ ಬಣ್ಣದ್ದು ತಾನು ಕೊಟ್ಟಿದ್ದೆಂದು ಮೂವರೂ ಹೇಳಿದರು.

“ನನ್ನ ಕಾಲು ಈ ಕಡೆ ಇದೆ ಕಣ್ರಮ್ಮಾ” ಎಂದರು ಅತ್ತೆ.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಏಳು ಮನೆಗೆ ಕುಂಕುಮಕ್ಕೆ ಹೋಗಿಬಂದೆ. ಒಬ್ಬರೂ ಕಣ ಕೊಡಲಿಲ್ಲ. ಏಳು ಮನೆಯವರೂ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಗಟ್ಟಿ ಮುಚ್ಚಳ, ಒಳ್ಳೆಯ ಡಬ್ಬಿಗಳು. ಒಂದರಲ್ಲಿ ಗುಂಡಿ, ಒಂದರಲ್ಲಿ ಹುಕ್ಕು, ಉಳಿದ ಐದರಲ್ಲಿ ಚಿಂದಿ ತುಂಬಿಟ್ಟಿದ್ದೇನೆ.