ಬೂಷ್ಟಿಗೆ ಉಚಿತ ಕೋಚಿಂಗ್

ಕಳಸದಂಥ ಪೇಟೆಯಲ್ಲಿ ಶಿಲೀಂಧ್ರಕ್ಕೆ ಮದ್ದು ಎರಡು ಕಡೆ ಸಿಗುತ್ತದೆ. ಮೆಡಿಕಲ್ ಶಾಪಿನಲ್ಲಿ ಇಟ್ರಾಕೊನಜೋಲ್ ಬೇಕಿದ್ದರೆ ಡಾಕ್ಟರ ಚೀಟಿ ಬೇಕು, ಕನಿಷ್ಠ ಕಾನೂನಿನಲ್ಲಿ. ಗೊಬ್ಬರದಂಗಡಿಯಲ್ಲಿ ಪ್ರೊಪಿಕೊನಜೋಲ್ ಕೇಳಿ, "ಎಷ್ಟು ಲೀಟರ್ ಕೊಡ್ಲಿ ಸಾರ್?" ಎನ್ನುತ್ತಾರೆ. ಎರಡೂ ಅಜೋಲ್ ಮನೆತನದವೇ, ಶಿಲೀಂಧ್ರದ ಒಂದೇ ಕಿಣ್ವದ ಕತ್ತು ಹಿಸುಕುವವೇ. ಒಂದು ಆರೋಗ್ಯ ಇಲಾಖೆಯ ಸೊತ್ತು, ಇನ್ನೊಂದು ಕೃಷಿಯದ್ದು ಎಂಬ ಫೈಲು ವಿಂಗಡಣೆ ಮಾತ್ರ ಬೂಷ್ಟಿಗೆ ಗೊತ್ತಿಲ್ಲ.

ಬೆಳೆಗಾರರನ್ನು ಬೈಯುವ ಹಾಗಿಲ್ಲ. ಎಲೆಚುಕ್ಕಿ ರೋಗಕ್ಕೆ ಅಡಿಕೆ ಸೋಗೆ ಸುಟ್ಟು ಕರಕಲಾದರೆ ಯಾರಿಗೆ ತಾನೆ ನಿದ್ದೆ ಬಂದೀತು? ಅದಕ್ಕೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಹೊಡೆಯಿರಿ ಎಂದವರು ತಜ್ಞರೇ. ಕಾಫಿಯ ಎಲೆತುಕ್ಕಿಗೆ ಹೆಕ್ಸಕೊನಜೋಲ್. ಮೈಲುತುತ್ತ, ಸುಣ್ಣ ಕಲಸಿದ ಅಜ್ಜನ ಬೋರ್ಡೋ ದ್ರಾವಣ ಕೊಳೆರೋಗದ ಪಾಲಿಗೆ ಉಳಿಯಿತು.

ತಮಾಷೆಯೆಂದರೆ, ಈ ಸಿಂಪರಣೆಯಲ್ಲಿ ಪಾಠ ಕಲಿಯುವುದು ಯಾರೂ ಹೆಸರೆತ್ತದ ಮೂರನೆಯವನು: ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟು. ಅವನು ಬೆಳೆಗೆ ಏನೂ ಮಾಡುವವನಲ್ಲ. ಸಿಪ್ಪೆ, ತರಗೆಲೆ ಕೊಳೆತು ಬಿಸಿಯೇರಿದ ರಾಶಿಯಲ್ಲಿ ಹಾಯಾಗಿರುವವನು. ಔಷಧಿ ಹೊಡೆದ ಎಲೆ ಅಲ್ಲಿಗೇ ಬಂದು ಬಿದ್ದರೆ, ಸಾಯಿಸದಷ್ಟು ಅಜೋಲ್ ದಿನವೂ ನೆಕ್ಕಿ ಅದಕ್ಕೆ ಬಗ್ಗದವನಾಗುತ್ತಾನೆ. ಶುಲ್ಕವಿಲ್ಲದ ಕೋಚಿಂಗ್! ಪರೀಕ್ಷಾ ಕೇಂದ್ರ ಮನುಷ್ಯನ ಶ್ವಾಸಕೋಶ, ಪ್ರಶ್ನೆಪತ್ರಿಕೆ ಅದೇ ಮನೆತನದ ಇಟ್ರಾಕೊನಜೋಲ್. ಕುದುರೆಮುಖದ ಗುಡ್ಡ ಹತ್ತಲು ನಮಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅವನ ಬೀಜಾಣುವಿಗೆ ಗಾಳಿಯೊಂದಿದ್ದರೆ ಸಾಕು.

ಇದು ನನ್ನ ಕಲ್ಪನೆಯಲ್ಲ. ನೆದರ್ಲೆಂಡ್ಸಿನ ಆಸ್ಪತ್ರೆಗಳು ಇಂಥ ಪದವೀಧರರನ್ನು 1998ರಿಂದಲೇ ಕಂಡಿವೆ. ನಮ್ಮಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಅನುರಾಧಾ ಚೌಧರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಜೋಲ್‌ಗೆ ಬಗ್ಗದಂತೆ ಮಾಡುವ ಅದೇ ಜೀನ್ ಮಾರ್ಪಾಡು ಭತ್ತದ ಗದ್ದೆ, ಚಹಾ ತೋಟ, ಆಸ್ಪತ್ರೆಯ ಹೂಕುಂಡಗಳಲ್ಲೂ ಸಿಕ್ಕಿತು. ರೋಗಿಯನ್ನು ನೋಡಲು ಬಂದವರು ಕುಂಡದ ಹೂವು ಚೆನ್ನಾಗಿದೆ ಎಂದೂ ಹೇಳಿರಬಹುದು. ಚಹಾ ತೋಟದಲ್ಲಿ ಕಲಿತದ್ದನ್ನು ಕಾಫಿ ತೋಟದಲ್ಲಿ ಕಲಿಯಲಾರದಷ್ಟು ದಡ್ಡ ಅವನಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವನನ್ನು ಅತಿ ಗಂಭೀರ ಶಿಲೀಂಧ್ರಗಳ ಪಟ್ಟಿಗೆ ಸೇರಿಸಿತು. ರ‍್ಯಾಂಕ್ ಬಂತು, ಫ್ಲೆಕ್ಸ್ ಹಾಕುವವರಿಲ್ಲ.

ಇಲಾಖೆಗಳು ಒಂದೇ ಮೇಜಿಗೆ ಬರುವ ತನಕ ನಾವೇ ಹುಷಾರಾಗಿರೋಣ. ರೋಗ ಕಾಣದ ಮರಕ್ಕೆ "ಯಾವುದಕ್ಕೂ ಇರಲಿ" ಎಂದು ಅಜೋಲ್ ಹೊಡೆಯಬೇಡಿ. ಅಸ್ತಮಾ ಇದ್ದವರು, ಕ್ಷಯ ಬಂದು ವಾಸಿಯಾದವರು ಸಿಪ್ಪೆ ರಾಶಿ ತಿರುವಲು ಇಳಿಯಬೇಡಿ. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ ಹತ್ತಿರ ತೋಟಕ್ಕೆ ಏನು ಹೊಡೆದಿದ್ದೀರಿ ಎಂಬುದನ್ನೂ ಹೇಳಿ.