ವಿಮಾ ಮೀಮಾಂಸಾ ಪ್ರವೇಶಿಕೆ

ವಿಮಾಶಾಸ್ತ್ರದಲ್ಲಿ ರೋಗಿ ಎಂಬ ವ್ಯಕ್ತಿ ಇಲ್ಲ, ಇರುವುದು ‘ಫಲಾನುಭವಿ’. ಫಲಾನುಭವಿಗೆ ಜ್ವರ ಬರುವುದಿಲ್ಲ, ‘ಪ್ಯಾಕೇಜ್’ ಬರುತ್ತದೆ. ಈ ಪ್ರಮೇಯಗಳನ್ನು ಅಂತರಶಿಸ್ತೀಯ, ಬಹುಆಯಾಮಿಕ, ನೀತಿನಿಷ್ಪತ್ತಿಕೇಂದ್ರಿತ ನೆಲೆಯಲ್ಲಿ ಮುಖಾಮುಖಿಯಾಗಿಸುವುದೇ ಪ್ರಸ್ತುತ ಅಧ್ಯಯನದ ಆಶಯ. (ಊಟದ ಹೊತ್ತು ಹತ್ತಿರವಾದ ಗೋಷ್ಠಿಯಲ್ಲಿ ಇಂಥ ವಾಕ್ಯ ಓದಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.) ಸೌಕರ್ಯಕ್ಕಾಗಿ ವಿಷಯವನ್ನು ಏಳು ಪ್ರಕರಣಗಳಾಗಿ ವಿಭಾಗಿಸಲಾಗಿದೆ.

ಪ್ರಥಮ: ನಾಮರೂಪ ಪ್ರಕರಣ

ಯೋಜನೆಗೆ ಮೊದಲು ಬೇಕಾದದ್ದು ಹೆಸರು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ರಕ್ಷೆ ಕೊಟ್ಟಿತ್ತು. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಉದ್ಘಾಟನೆಯಾದ ಆಯುಷ್ಮಾನ್ ಭಾರತ್ ಅದನ್ನು 5 ಲಕ್ಷಕ್ಕೆ ಏರಿಸಿತು. ಅದು ಕರ್ನಾಟಕಕ್ಕೆ ಬಂದು ಇಲ್ಲಿನ ಯೋಜನೆಯೊಂದಿಗೆ ಕೂಡಿಕೊಂಡಿತು. 2023ರ ಹೊತ್ತಿಗೆ ಕಾರ್ಡಿನ ಮೇಲಿನ ಹೆಸರು ‘ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ–ಮುಖ್ಯಮಂತ್ರಿ ಆರೋಗ್ಯ ಕರ್ನಾಟಕ’ ಎಂದಾಗಿತ್ತು. ಇದು ದ್ವಂದ್ವ ಸಮಾಸ ಎಂಬುದು ಪೂರ್ವಪಕ್ಷ. ಸಮಾಸದಲ್ಲಿರುವ ಪದಗಳನ್ನೆಲ್ಲ ಬಿಟ್ಟು ಬೇರೊಂದನ್ನೇ, ಅಂದರೆ ಚುನಾವಣೆಯನ್ನು, ಸೂಚಿಸುವುದರಿಂದ ಬಹುವ್ರೀಹಿ ಎಂಬುದೇ ಸಿದ್ಧಾಂತ.

ರೂಪದ ವಿಚಾರ ಇನ್ನೂ ಗಹನ. ಪ್ರಧಾನಿಯ ಭಾವಚಿತ್ರವಿದ್ದ ಪತ್ರಗಳು ಅಂಚೆಯಲ್ಲಿ ಮನೆಮನೆ ತಲುಪತೊಡಗಿದಾಗ ಮಮತಾ ಬ್ಯಾನರ್ಜಿ ಸಿಡಿದೆದ್ದರು. 2019ರ ಜನವರಿಯಲ್ಲಿ ಪಶ್ಚಿಮ ಬಂಗಾಳ ಯೋಜನೆಯಿಂದಲೇ ಹೊರಬಿತ್ತು. ಅವರದು ‘ಸ್ವಾಸ್ಥ್ಯ ಸಾಥಿ’, ಒಡಿಶಾದ ನವೀನ್ ಪಟ್ನಾಯಕರದು ‘ಬಿಜು ಸ್ವಾಸ್ಥ್ಯ ಕಲ್ಯಾಣ’. ದೆಹಲಿಯೂ ಕೇಂದ್ರದ ಕಾರ್ಡು ಒಲ್ಲೆ ಎಂದಿತು. 2024ರ ಅಕ್ಟೋಬರ್ 29ರಂದು 70 ದಾಟಿದವರಿಗೆಲ್ಲ ಯೋಜನೆ ವಿಸ್ತರಿಸಿದ ಪ್ರಧಾನಿ, ದೆಹಲಿ ಮತ್ತು ಬಂಗಾಳದ ಹಿರಿಯರ ಕ್ಷಮೆ ಕೇಳಿದರು: ನಿಮ್ಮ ಸೇವೆ ಮಾಡಲಾಗುತ್ತಿಲ್ಲ, ನಿಮ್ಮ ಸರ್ಕಾರಗಳು ಬಿಡುತ್ತಿಲ್ಲ ಎಂದು. ಒಡಿಶಾದಲ್ಲಿ ಸರ್ಕಾರ ಬದಲಾಯಿತು, 2025ರ ಜನವರಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ದೆಹಲಿಯಲ್ಲಿ ಬದಲಾಯಿತು, ಏಪ್ರಿಲ್‌ನಲ್ಲಿ ಅಲ್ಲೂ ಬಿತ್ತು. ಮುದುಕರ ಮೊಣಕಾಲು ನೋವಿಗೂ ಮತ ಎಣಿಕೆಗೂ ಇರುವ ಕಾರ್ಯಕಾರಣ ಸಂಬಂಧಕ್ಕೆ ಇದಕ್ಕಿಂತ ಪ್ರಮಾಣ ಬೇಕಿಲ್ಲ.

ದ್ವಿತೀಯ: ಕರ್ಮ ಪ್ರಕರಣ

ಕಾರ್ಡಿಗೆ ಅರ್ಹನಲ್ಲದ, ಆಸ್ಪತ್ರೆ ಬಿಲ್ಲಿಗೆ ಹೆದರುವ ಮಧ್ಯಮವರ್ಗದವನು ಖಾಸಗಿ ಪಾಲಿಸಿ ಕೊಳ್ಳುತ್ತಾನೆ. ಪಾಲಿಸಿಗೆ ಮೊದಲೇ ಅಂಟಿಕೊಂಡ ಸಕ್ಕರೆ ಕಾಯಿಲೆ, ಬಿಪಿಗಳು ಅವನ ಸಂಚಿತ ಕರ್ಮ. ಅದು ಸವೆಯಲು ನಾಲ್ಕು ವರ್ಷದವರೆಗೆ ಕಾಯಬೇಕಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕರುಣೆ ತೋರಿ ಆ ಮಿತಿಯನ್ನು ಮೂರಕ್ಕೆ ಇಳಿಸಿತು. ಪ್ರಾಯಶ್ಚಿತ್ತದ ಅವಧಿಯಲ್ಲೂ ಪ್ರೀಮಿಯಂ ಎಂಬ ದಕ್ಷಿಣೆ ತಪ್ಪಬಾರದು. ಆ ದಕ್ಷಿಣೆಗೆ 18 ಪರ್ಸೆಂಟ್ ಜಿಎಸ್‌ಟಿಯೂ ಸೇರುತ್ತಿತ್ತು. ಇದು ಬದುಕಿನ ಅನಿಶ್ಚಿತತೆಯ ಮೇಲೆ ಹಾಕಿದ ತೆರಿಗೆ ಎಂದು 2024ರ ಜುಲೈನಲ್ಲಿ ಹಣಕಾಸು ಸಚಿವರಿಗೆ ಪತ್ರ ಬರೆದವರು ವಿರೋಧ ಪಕ್ಷದವರಲ್ಲ, ಅದೇ ಸಂಪುಟದ ನಿತಿನ್ ಗಡ್ಕರಿ. ವೈಯಕ್ತಿಕ ಪಾಲಿಸಿಗಳ ಮೇಲಿನ ತೆರಿಗೆ ಹೋದದ್ದು 2025ರ ಸೆಪ್ಟೆಂಬರ್ 22ಕ್ಕೆ. ಜಿಎಸ್‌ಟಿ ಶುರುವಾಗಿ ಎಂಟು ವರ್ಷ ಹೆದರಿಕೆಗೆ ಸುಂಕ ವಸೂಲಾಯಿತು. ಕೊನೆಗೆ ಸುಂಕ ತೆಗೆದದ್ದಕ್ಕೆ ಧನ್ಯವಾದದ ಬ್ಯಾನರು ಕಟ್ಟಲಾಯಿತು.

ತೃತೀಯ: ಅದ್ವೈತ ಪ್ರಕರಣ

ಜೀವರು ಅನೇಕ, ಫೋನ್ ನಂಬರ್ ಒಂದೇ. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಂತೆ 7,49,820 ಫಲಾನುಭವಿಗಳು 9999999999 ಎಂಬ ಏಕಮೇವ ಸಂಖ್ಯೆಯಲ್ಲಿ ಲೀನರಾಗಿದ್ದರು. ಅರ್ಹತೆ ನಿರ್ಧರಿಸಲು ಮೊಬೈಲ್ ನಂಬರ್ ಬೇಕಿಲ್ಲವಲ್ಲ ಎಂಬುದು ಸರ್ಕಾರಿ ಭಾಷ್ಯ. ಅದೇ ವರದಿ ಪುನರ್ಜನ್ಮಕ್ಕೂ ಆಧಾರ ಒದಗಿಸುತ್ತದೆ: ಯೋಜನೆಯ ಕಂಪ್ಯೂಟರಿನಲ್ಲೇ ಮೃತರೆಂದು ದಾಖಲಾಗಿದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಆತ್ಮಕ್ಕೆ ಸಾವಿಲ್ಲ ಎಂದು ಕೇಳಿದ್ದೆವು, ಕ್ಲೇಮಿಗೂ ಇಲ್ಲ.

ಚತುರ್ಥ: ರೆಫರಲ್ ಪ್ರಕರಣ

ಇದರಲ್ಲಿ ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿಯ ತತ್ತ್ವಮೀಮಾಂಸೆ ಬರಬೇಕಿತ್ತು. ಬೇಡ. ಉಳಿದ ಮೂರು ಪ್ರಕರಣಗಳೂ ಬೇಡ. ತಮಾಷೆ ಸಾಕಾಯಿತು.

ಈ ದೇಶದ ಬಹುಪಾಲು ಕಾಯಿಲೆ ವಾರ್ಡಿನಲ್ಲಿ ಮಲಗಿ ವಾಸಿ ಮಾಡಿಕೊಳ್ಳುವಂಥದಲ್ಲ. ಸಕ್ಕರೆ, ಬಿಪಿ, ಉಬ್ಬಸ, ಥೈರಾಯ್ಡ್, ಇವು ತಿಂಗಳು ತಿಂಗಳು ಮಾತ್ರೆ ಕೇಳುವ ಕಾಯಿಲೆಗಳು. 5 ಲಕ್ಷದ ಕಾರ್ಡು ಆ ಮಾತ್ರೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಅಡ್ಮಿಟ್ ಆದವನಿಗೆ ಮಾತ್ರ ಅದು ಕಾರ್ಡು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗಬೇಕು, ನಿಜ. ಕಿಟಕಿಯಾಚೆಯಿಂದ ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಮ್ಮ’ ಅಂದರೆ ಕೂಲಿಯ ಹೆಂಗಸು ಮೆಡಿಕಲ್ ಶಾಪಿಗೆ ಹೋಗಿ ಮೂವತ್ತರ ಬದಲು ಹತ್ತು ಮಾತ್ರೆ ಕೊಳ್ಳುತ್ತಾಳೆ. ಆಮೇಲಾಮೇಲೆ ಅದನ್ನೂ ಬಿಡುತ್ತಾಳೆ. ಕೆಲವು ವರ್ಷಕ್ಕೆ ಕಿಡ್ನಿ ಹೋಗುತ್ತದೆ, ಡಯಾಲಿಸಿಸ್‌ಗೆ ಪ್ಯಾಕೇಜ್ ಇದೆ. ಕಾಲಿನ ಹುಣ್ಣು ಕೊಳೆಯುತ್ತದೆ, ಕಾಲು ಕತ್ತರಿಸುವುದಕ್ಕೂ ಪ್ಯಾಕೇಜ್ ಇದೆ. ಕಾಲು ಉಳಿಸುವ ಮಾತ್ರೆಗೆ ಇಲ್ಲ! ಇದನ್ನು ಯಾವ ಪರಿಭಾಷೆಯಲ್ಲಿ ಸುತ್ತಿಕೊಟ್ಟರೂ ಕ್ರೌರ್ಯವೇ.

ದೊಡ್ಡ ಶಸ್ತ್ರಚಿಕಿತ್ಸೆಗೆ ಹೊಲ ಮಾರದೆ ಉಳಿದ ಕುಟುಂಬಗಳಿವೆ, ಅದನ್ನು ಅಲ್ಲಗಳೆಯುವವನು ಮೂರ್ಖ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಹಾಕುವ ಪಾಲು 2013–14ರ 64.2 ಪರ್ಸೆಂಟ್‌ನಿಂದ 2021–22ಕ್ಕೆ 39.4ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಆದರೆ 2017ರ ರಾಷ್ಟ್ರೀಯ ಆರೋಗ್ಯ ನೀತಿ ಇನ್ನೊಂದು ಮಾತು ಕೊಟ್ಟಿತ್ತು: 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚ ಜಿಡಿಪಿಯ 2.5 ಪರ್ಸೆಂಟ್ ಮುಟ್ಟಬೇಕು ಎಂದು. ಕೋವಿಡ್ ಕಾಲದ 2021–22ರಲ್ಲೂ ಅದು 1.84ರಲ್ಲೇ ಇತ್ತು. ಆ ಅಂತರದ ಹೆಸರಲ್ಲಿ ಯಾವ ಪಕ್ಷದ ನಾಯಕರೂ ಹಿರಿಯರ ಕ್ಷಮೆ ಕೇಳಿದ್ದು ಪ್ರಬಂಧಕಾರನಿಗೆ ಇನ್ನೂ ಕಾಣಸಿಕ್ಕಿಲ್ಲ.